ಪುಕ್ಕಟೆ ಪೇಪರು

ನಮ್ಮ ತಂದೆ ಅಂಚೆ ಇಲಾಖೆಯಲ್ಲಿದ್ದವರು. ಅರಸೀಕೆರೆಯಲ್ಲಿ ನಿವೃತ್ತರಾದರು. ಮೂವತ್ತೈದು ವರ್ಷ ಕಾಗದಗಳ ಮೇಲೆ ಮುದ್ರೆ ಒತ್ತಿದ ಅವರಿಗೆ, ಈ ಲೋಕದಲ್ಲಿ ಪುಕ್ಕಟೆ ಎನ್ನುವ ಪದಾರ್ಥವೇ ಇಲ್ಲ ಎಂಬುದು ಖಚಿತವಾಗಿ ಹೋಗಿತ್ತು. "ಸ್ಟಾಂಪು ಹಚ್ಚದೆ ಹಾಕಿದ ಕಾಗದವೂ ತಲುಪತ್ತೆ ಕಣೋ, ಆದರೆ ತಗೊಳ್ಳೋನು ಎರಡರಷ್ಟು ಕಟ್ಟಬೇಕು" ಎನ್ನುತ್ತಿದ್ದರು. ಅಂಥ ಕಾಗದಕ್ಕೆ ಬೇರಿಂಗ್ ಎಂದು ಹೆಸರು. ಮನೆಗೆ ಯಾರಾದರೂ ಏನನ್ನಾದರೂ ಸುಮ್ಮನೆ ಕೊಟ್ಟು ಹೋದರೆ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಬೇರಿಂಗೋ ಏನೋ" ಎಂದು ಅನುಮಾನಿಸುವರು.

ನಮ್ಮ ವಠಾರದಲ್ಲಿ ಆರು ಮನೆಗೆ ಒಂದೇ ಪೇಪರು. ದುಡ್ಡು ಕೊಡುತ್ತಿದ್ದದ್ದು ನಾವು. ಆದ್ದರಿಂದ ಮೊದಲ ಓದು ಅಪ್ಪನದು. ಆಮೇಲೆ ಅದು ಪಕ್ಕದ ಮೇಷ್ಟರ ಮನೆ, ಹಿಂದಿನ ಸಾಲಿನ ರೈಲ್ವೆಯವರ ಮನೆ ಎಂದು ಸುತ್ತಿ, ಸಂಜೆ ನಮ್ಮಲ್ಲಿಗೆ ವಾಪಸಾಗುವಾಗ ಪದಬಂಧವನ್ನು ಯಾರೋ ಪೆನ್ಸಿಲಿನಲ್ಲಿ ತಪ್ಪುತಪ್ಪಾಗಿ ತುಂಬಿರುತ್ತಿದ್ದರು. ತಿಂಗಳ ಕೊನೆಗೆ ರದ್ದಿಯವನು ತಕ್ಕಡಿ ಹಿಡಿದಾಗ ಅಪ್ಪ ಪಕ್ಕದಲ್ಲೇ ನಿಂತು ಮುಳ್ಳು ನೋಡುವರು. ಪೇಪರು ಎಂದರೆ ಬೆಲೆಯುಳ್ಳ ವಸ್ತು ಎಂಬ ತಿಳಿವಳಿಕೆಯಲ್ಲೇ ನಾನು ಬೆಳೆದದ್ದು.

1988ರ ಸೆಪ್ಟೆಂಬರಿನಲ್ಲಿ ಸಂಖ್ಯಾಶಾಸ್ತ್ರ ಓದಲೆಂದು ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದೆ. ನಮ್ಮ ಎ.ಕೆ. ರಾಮಾನುಜನ್ ಅವರು ಪಾಠ ಹೇಳುತ್ತಿದ್ದದ್ದು ಅಲ್ಲಿಯೇ. ಆದರೆ ಅವರ ಕಡೆ ಸುಳಿಯುವ ಧೈರ್ಯ ಅಂಕಿಸಂಖ್ಯೆಯ ಹುಡುಗನಿಗೆ ಎಲ್ಲಿಂದ ಬರಬೇಕು? ಹೋದ ಮೊದಲ ವಾರವೇ ಒಂದು ವಿಚಿತ್ರ ಕಂಡೆ. ವಿಶ್ವವಿದ್ಯಾಲಯವಿರುವ ಹೈಡ್ ಪಾರ್ಕ್ ಬಡಾವಣೆಯ ಪುಸ್ತಕದಂಗಡಿಯೊಂದರ ಬಾಗಿಲಲ್ಲಿ, ನೆಲದ ಮೇಲೆ, ಮೊಣಕಾಲೆತ್ತರಕ್ಕೆ ಪೇಪರುಗಳನ್ನು ಪೇರಿಸಿಟ್ಟಿದ್ದರು. ಬಂದವರು ಬಂದಂತೆ ಒಂದೊಂದು ಎತ್ತಿಕೊಂಡು ಹೋಗುತ್ತಿದ್ದರು. ನಾನೂ ಒಂದನ್ನೆತ್ತಿ, ಜೇಬಿನಿಂದ ಚಿಲ್ಲರೆ ತೆಗೆದು ಅಂಗಡಿಯವನ ಮುಂದಿಟ್ಟೆ. ಅವನು ನಕ್ಕು ಚಿಲ್ಲರೆಯನ್ನು ನನ್ನ ಕಡೆಗೇ ತಳ್ಳಿದ. ಅದಕ್ಕೆ ಬೆಲೆಯಿಲ್ಲವಂತೆ! ರಸ್ತೆಯ ತಿರುವಿನವರೆಗೆ ಎರಡು ಸಲ ಹಿಂದಿರುಗಿ ನೋಡಿದೆ, ಯಾರಾದರೂ ಕೂಗಿಯಾರೆಂದು. ಯಾರೂ ಕೂಗಲಿಲ್ಲ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಗಾದೆ ನಮ್ಮದೇ ತಾನೆ? ಮುಂದಿನ ಗುರುವಾರ ಎರಡು ಪ್ರತಿ ತಂದೆ.

ಅದೇ 'ಶಿಕಾಗೋ ರೀಡರ್'. ವಾರಕ್ಕೊಮ್ಮೆ, ಗುರುವಾರ, ನಾಲ್ಕು ಭಾಗಗಳಲ್ಲಿ ಬರುತ್ತಿತ್ತು. ತೂಗಿದರೆ ನಮ್ಮ ರದ್ದಿಯವನ ಮುಖ ಅರಳಬೇಕು. ಯಾವ ಚುನಾವಣೆಯಲ್ಲಿ ಯಾರು ಗೆದ್ದರು, ಎಲ್ಲಿ ಅಪಘಾತವಾಯಿತು ಎಂಬುದನ್ನು ಅದರಲ್ಲಿ ಹುಡುಕಿದರೆ ಸಿಗದು, ಅದಕ್ಕೆಲ್ಲ ದಿನಪತ್ರಿಕೆಗಳಿದ್ದವು. ಇದರಲ್ಲಿದ್ದದ್ದು ಎರಡೇ ಬಗೆಯ ಸಾಮಗ್ರಿ: ಒಂದು, ಓದಿದಷ್ಟೂ ಮುಗಿಯದ ಲೇಖನ. ಇನ್ನೊಂದು, ಎಣಿಸಿದಷ್ಟೂ ಮುಗಿಯದ ಜಾಹೀರಾತು. ನಾಟಕ, ಸಂಗೀತ, ಸಿನಿಮಾ, ಹೋಟೆಲು. ಅದರ ಹಿಂದೆ ಪುಟಪುಟ ಸಣ್ಣಕ್ಷರದ ಸಾಲುಗಳು. ಬಾಡಿಗೆಗೆ ಕೋಣೆ ಇದೆ, ಹಳೆಯ ಸೋಫಾ ಮಾರಾಟಕ್ಕಿದೆ, ಗಿಟಾರ್ ಕಲಿಸಲಾಗುವುದು, ಒಂಟಿಯಾಗಿದ್ದೇನೆ ಸ್ನೇಹಿತೆ ಬೇಕು. ನನ್ನ ಕೋಣೆ ಸಿಕ್ಕಿದ್ದೂ ಆ ಸಾಲುಗಳಲ್ಲೇ. ಸ್ನೇಹಿತೆಯ ವಿಷಯ ಬೇಡ.

ಊರಿಗೆ ಬರೆದ ಏರೋಗ್ರಾಮಿನಲ್ಲಿ ಈ ಸೋಜಿಗವನ್ನು ವರ್ಣಿಸಿದ್ದೆ. ಮೂರು ವಾರಕ್ಕೆ ಅಪ್ಪನ ಉತ್ತರ ಬಂತು. "ಪುಕ್ಕಟೆ ಕೊಡುವ ಪೇಪರಿನಲ್ಲಿ ಸುದ್ದಿ ಇರುವುದಿಲ್ಲ, ಸರಕು ಇರುತ್ತದೆ. ಓದುವುದಾದರೆ ಓದು. ಆದರೆ ಅದಕ್ಕೆ ಕಟ್ಟುತ್ತಿರುವವನು ಯಾರು ಎಂದು ಮೊದಲು ವಿಚಾರಿಸು."

ವಿಚಾರಿಸಿದೆ. ಪತ್ರಿಕೆ ಹುಟ್ಟಿದ್ದು 1971ರ ಅಕ್ಟೋಬರ್ 1ರಂದು. ಮೊದಲ ಸಂಚಿಕೆ ಹದಿನಾರು ಪುಟ. ಹುಟ್ಟಿಸಿದವರು ಮಿನ್ನೆಸೋಟದ ಕಾರ್ಲ್‌ಟನ್ ಕಾಲೇಜಿನಲ್ಲಿ ಜೊತೆಗೆ ಓದಿದ ಹುಡುಗರು. ಮುಂದಾಳು ರಾಬರ್ಟ್ ರಾತ್. ಬಾಸ್ಟನ್ನಿನಲ್ಲಿ ಆಗ ಯುವಕರಿಗೆಂದೇ ವಾರಪತ್ರಿಕೆಗಳಿದ್ದವು. ಅಂಗಡಿಯಲ್ಲಿ ಅವುಗಳಿಗೆ ಬೆಲೆ, ಕಾಲೇಜಿನ ಆವರಣದಲ್ಲಿ ಮಾತ್ರ ಪುಕ್ಕಟೆ. ಅರ್ಧ ಮಾರಿ ಅರ್ಧ ಹಂಚುವುದೇಕೆ, ಪೂರ್ತಿ ಹಂಚಿಬಿಟ್ಟರೆ ಹೇಗೆ ಎಂದು ರಾತ್ ಯೋಚಿಸಿದ. ಸ್ನೇಹಿತರೆಲ್ಲ ಸೇರಿ ಹೊಂದಿಸಿದ ಬಂಡವಾಳ ಸುಮಾರು 16,000 ಡಾಲರು. ಕಚೇರಿಯೆಂದರೆ ಅವರು ವಾಸವಿದ್ದ ಬಾಡಿಗೆ ಮನೆಗಳೇ. ಮೊದಲ ಹತ್ತು ತಿಂಗಳಲ್ಲಿ ಹತ್ತಿರ ಹತ್ತಿರ 20,000 ಡಾಲರು ಕಳೆದುಕೊಂಡರು. ಹಾಕಿದ್ದಕ್ಕಿಂತ ಹೋದದ್ದೇ ಹೆಚ್ಚು! ನಮ್ಮ ಕಡೆಯ ತಂದೆತಾಯಂದಿರಾಗಿದ್ದರೆ ಅಷ್ಟರಲ್ಲಿ ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕಿಸುತ್ತಿದ್ದರು. ಈ ಹುಡುಗರು ಹಟ ಹಿಡಿದು ಕೂತರು. 1975ರ ಹೊತ್ತಿಗೆ ಲಾಭ ಕಂಡರು.

ಅವರ ಲೆಕ್ಕ ಇಷ್ಟೆ. ಓದುಗ ಕೊಡುವ ನಾಲ್ಕು ಕಾಸನ್ನು ವಸೂಲು ಮಾಡಲು ಏಜೆಂಟು, ಅಂಗಡಿ, ಕಮಿಷನ್ ಎಂದು ಹಲವು ಕೈ ಬೇಕು. ಅದನ್ನು ಬಿಟ್ಟುಬಿಟ್ಟರೆ ಪತ್ರಿಕೆ ತಾನಾಗಿ ಊರು ತುಂಬುತ್ತದೆ. ಊರಿನ ಯುವಜನರೆಲ್ಲ ಇದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆಂದರೆ, ಕೋಣೆ ಬಾಡಿಗೆಗೆ ಕೊಡುವವನೂ ನಾಟಕ ಆಡುವವನೂ ಸಾಲಿಗಿಷ್ಟು ಎಂದು ಕಟ್ಟಿ ಜಾಹೀರಾತು ಹಾಕುತ್ತಾನೆ. ಒಬ್ಬ ದೊಡ್ಡ ವರ್ತಕನ ಹಂಗಿಲ್ಲ. ಸಾವಿರ ಸಣ್ಣ ಮನುಷ್ಯರ ಸಾವಿರ ಸಣ್ಣ ಮೊತ್ತ. ಒಬ್ಬ ಮುನಿಸಿಕೊಂಡು ಹೋದರೆ ನಷ್ಟ ಐದು ಡಾಲರೋ ಹತ್ತು ಡಾಲರೋ ಅಷ್ಟೆ. ಹಾಗಾಗಿ ಸಂಪಾದಕ ಯಾರಿಗೂ ಅಂಜಬೇಕಿರಲಿಲ್ಲ. 1977ರಲ್ಲಿ ಜೇನು ಸಾಕುವುದರ ಬಗ್ಗೆ 19,000 ಪದಗಳ ಮುಖಪುಟ ಲೇಖನ ಹಾಕಿದರು. ಜೇನು! ಶಿಕಾಗೋದಂಥ ಕಬ್ಬಿಣ-ಸಿಮೆಂಟಿನ ಊರಿನಲ್ಲಿ! ಬರೆದ ಮೈಕೇಲ್ ಲೆನಹನ್ ಅವರಿಗೆ ಅದಕ್ಕೆ ವಿಜ್ಞಾನ ಬರವಣಿಗೆಯ ದೊಡ್ಡ ಪ್ರಶಸ್ತಿಯೂ ಬಂತು. 1973ರಲ್ಲಿ ಶುರುವಾದ 'ಸ್ಟ್ರೇಟ್ ಡೋಪ್' ಅಂಕಣದಲ್ಲಿ ಸೆಸಿಲ್ ಆಡಮ್ಸ್ ಎಂಬ ಹೆಸರಿನಲ್ಲಿ ಒಬ್ಬರು ಓದುಗರ ಹುಚ್ಚುಹುಚ್ಚು ಪ್ರಶ್ನೆಗಳಿಗೆಲ್ಲ ಹಟ ಹಿಡಿದು ನಿಜವಾದ ಉತ್ತರ ಹುಡುಕುತ್ತಿದ್ದರು. ಪುರಾವೆ ಎಂದರೇನೆಂದು ನನಗೆ ಅರ್ಥವಾದದ್ದರಲ್ಲಿ ಅರ್ಧ ಪಾಲು ತರಗತಿಯಲ್ಲಲ್ಲ, ಆ ಅಂಕಣದಲ್ಲಿ.

ಇದನ್ನೆಲ್ಲ ಅಪ್ಪನಿಗೆ ಬರೆದೆ. "ಕಟ್ಟುವವರು ಬಾಡಿಗೆಗೆ ಮನೆ ಕೊಡುವವರು" ಎಂದು ದೊಡ್ಡ ಶೋಧನೆ ಮಾಡಿದವನಂತೆ ತಿಳಿಸಿದೆ. ಅಪ್ಪ ಒಂದೇ ಸಾಲು ಬರೆದರು: "ಸರಿ. ಅವರು ಕಟ್ಟುವುದು ನಿಲ್ಲಿಸಿದ ದಿನ?" ಮುದುಕರಿಗೆ ಎಲ್ಲದರಲ್ಲೂ ಕೊಂಕು ಎಂದುಕೊಂಡು ಸುಮ್ಮನಾದೆ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ನನ್ನ ಮನೆಯೊಡತಿ ಅರವತ್ತು ದಾಟಿದ ಕರಿಯ ಮಹಿಳೆ, ನಿವೃತ್ತ ದಾದಿ. ಅವರ ಮನೆ ಹೈಡ್ ಪಾರ್ಕಿನ ದಕ್ಷಿಣದ ಅಂಚಿನಲ್ಲಿತ್ತು. ಮಿಡ್‌ವೇ ಎನ್ನುವ ಉದ್ದನೆಯ ಮೈದಾನ ದಾಟಿದರೆ ಆ ಕಡೆ ವುಡ್‌ಲಾನ್. ಕರಿಯರೇ ಹೆಚ್ಚಾಗಿದ್ದ ಬಡ ಬಡಾವಣೆ. ಅವರ ತಂಗಿಯ ಸಂಸಾರ ಅಲ್ಲಿತ್ತು. ಮನೆಯೊಳಗೆ ಬೂಟು ತರಬಾರದು ಎಂಬುದು ಅವರ ಮೊದಲ ಕಟ್ಟಳೆ. ಚಳಿಗಾಲದಲ್ಲಿ ಬಾಗಿಲ ಒಳಗೆ ಪೇಪರು ಹಾಸಿ, ಹಿಮ ಮೆತ್ತಿದ ಬೂಟನ್ನು ಅದರ ಮೇಲೆ ಬಿಡಬೇಕು. ಹಾಸುವುದಕ್ಕೆ ನಮ್ಮ ಪುಕ್ಕಟೆ ಪೇಪರಿಗಿಂತ ಒಳ್ಳೆಯದು ಯಾವುದಿದೆ?

1990ರ ಜನವರಿ 26ರ ಸಂಚಿಕೆ. 'ಹೌಸ್ ಆಫ್ ಸ್ಕ್ರೀಮ್ಸ್', ಅಂದರೆ ಚೀರಾಟದ ಮನೆ ಎಂಬ ಮುಖಪುಟ ಲೇಖನ. ಬರೆದವರು ಜಾನ್ ಕಾನ್ರಾಯ್. 1982ರ ಫೆಬ್ರವರಿಯಲ್ಲಿ ಆಂಡ್ರ್ಯೂ ವಿಲ್ಸನ್ ಎಂಬಾತ ಇಬ್ಬರು ಪೊಲೀಸರನ್ನು ಗುಂಡಿಕ್ಕಿ ಕೊಂದಿದ್ದ. ಸಿಕ್ಕಿಬಿದ್ದ, ತಪ್ಪೊಪ್ಪಿಕೊಂಡ, ಶಿಕ್ಷೆಯಾಯಿತು. ಆಮೇಲೆ, ಠಾಣೆಯಲ್ಲಿ ತನಗೆ ವಿದ್ಯುತ್ ಶಾಕ್ ಕೊಟ್ಟರು, ಕಾದ ರೇಡಿಯೇಟರಿಗೆ ಒತ್ತಿ ಸುಟ್ಟರು ಎಂದು ಪೊಲೀಸ್ ಅಧಿಕಾರಿ ಜಾನ್ ಬರ್ಜ್ ಮತ್ತಿತರರ ಮೇಲೆ ದಾವೆ ಹೂಡಿದ. 1989ರಲ್ಲಿ ಆ ವಿಚಾರಣೆ ನಡೆದಾಗ ಕಾನ್ರಾಯ್ ಕೋರ್ಟಿನಲ್ಲಿ ಕೂತು ಕೇಳಿದ್ದರು. ಲೇಖನ ಪುಟ ತಿರುವಿದಷ್ಟೂ ಮುಂದಕ್ಕೆ ಹೋಗುತ್ತಿತ್ತು. ನಾನು ಮೂರು ಪುಟ ಓದಿದೆ. ಇಬ್ಬರು ಪೊಲೀಸರನ್ನು ಕೊಂದವನಿಗೆ ಅವರ ಜೊತೆಗಾರರು ಹೊಡೆದರಂತೆ. ಹೊಡೆಯದೆ ಆರತಿ ಎತ್ತಬೇಕಿತ್ತೆ ಎನ್ನಿಸಿತು. ಮರುದಿನ ಸಂಖ್ಯಾಶಾಸ್ತ್ರದ ಪರೀಕ್ಷೆ ಬೇರೆ ಇತ್ತು. ಪೇಪರನ್ನು ಬಾಗಿಲ ಬಳಿ ಹಾಸಿ ಅದರ ಮೇಲೆ ಬೂಟು ಬಿಟ್ಟೆ.

ಬೆಳಿಗ್ಗೆ ಕೆಳಗಿಳಿದು ಬಂದಾಗ ಬೂಟು ಬರಿ ನೆಲದ ಮೇಲಿತ್ತು. ಮನೆಯೊಡತಿ ಅಡಿಗೆಮನೆಯ ಮೇಜಿನ ಮೇಲೆ ಆ ಒದ್ದೆ ಪುಟಗಳನ್ನು ಒಂದೊಂದಾಗಿ ಬಿಡಿಸಿ, ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸುತ್ತಿದ್ದರು. ಹರಿಯದ ಹಾಗೆ, ಗಾಯದ ಪಟ್ಟಿ ಬಿಚ್ಚುವ ನಾಜೂಕಿನಿಂದ. ನಾನು ಸುಮ್ಮನಿರಲಾರದೆ, "ಅವನು ಕೊಲೆಗಾರನಲ್ಲವೆ?" ಎಂದೆ.

"ಕೊಲೆಗಾರನೇ" ಎಂದರು. "ಅದಕ್ಕೇ ಅವನಿಂದ ಶುರು ಮಾಡಿದ್ದಾರೆ. ಪೂರ್ತಿ ಓದಿದೆಯಾ?"

ಓದಿರಲಿಲ್ಲವಲ್ಲ. ಮೇಜಿನ ಬಳಿ ಕೂರಿಸಿ ಓದಿಸಿದರು. ಮುಂದಿನ ಪುಟಗಳಲ್ಲಿ ಒಬ್ಬ ಜೈಲು ವೈದ್ಯರು, ಡಾ. ಜಾನ್ ರಾಬಾ, 1982ರಲ್ಲೇ ವಿಲ್ಸನ್ನನ ಮೈಮೇಲಿನ ಗಾಯಗಳನ್ನು ನೋಡಿ ಪೊಲೀಸ್ ಮುಖ್ಯಸ್ಥರಿಗೆ ಪತ್ರ ಬರೆದಿದ್ದ ಸಂಗತಿ ಇತ್ತು. ವಿಲ್ಸನ್ನನ ವಕೀಲರಿಗೆ ಪೊಲೀಸ್ ಇಲಾಖೆಯ ಲಕೋಟೆಯಲ್ಲೇ ಹೆಸರಿಲ್ಲದ ಪತ್ರಗಳು ಬಂದಿದ್ದವು. ಇವನೊಬ್ಬನೇ ಅಲ್ಲ, ಹುಡುಕಿ, ಇನ್ನೂ ಇದ್ದಾರೆ ಎಂದು. ಹುಡುಕಿದರೆ ಇದ್ದರು. ಎಲ್ಲರೂ ಕರಿಯರು, ಎಲ್ಲರದೂ ಹೆಚ್ಚುಕಡಿಮೆ ಅದೇ ಕಥೆ. ಒಬ್ಬರನ್ನೊಬ್ಬರು ಕಂಡರಿಯದವರು ಒಂದೇ ಕಥೆ ಹೇಳಿದರೆ ಅದಕ್ಕೆ ಎಷ್ಟು ತೂಕ ಎಂಬುದು ನನ್ನ ಶಾಸ್ತ್ರದ ಮೊದಲ ಪಾಠ. ಅದೇ ಶಾಸ್ತ್ರದ ಪರೀಕ್ಷೆಗೆ ಓದಬೇಕೆಂದು ನಾನು ಮೂರನೆಯ ಪುಟಕ್ಕೆ ನಿಲ್ಲಿಸಿದ್ದೆ.

ಮನೆಯೊಡತಿ ಹೇಳಿದ ಇನ್ನೊಂದು ಮಾತು ನೆನಪಿದೆ. "ಕೋಣೆಗೆ ಜಾಹೀರಾತು ಹಾಕಿದಾಗ ಇವರಿಗೆ ದುಡ್ಡು ಕೊಟ್ಟಿದ್ದೆ. ಅದು ಇದಕ್ಕೆ ಹೋಯಿತು ಅಂತ ಗೊತ್ತಿರಲಿಲ್ಲ." ಇಸ್ತ್ರಿ ಮಾಡಿದ ಪುಟಗಳನ್ನು ಮಡಿಸಿ ಕೈಚೀಲದಲ್ಲಿಟ್ಟುಕೊಂಡು, ಮೈದಾನ ದಾಟಿ ತಂಗಿಯ ಮನೆಗೆ ಹೊರಟರು. "ಅಲ್ಲಿ ಈ ಪೇಪರು ಸಿಗುವುದಿಲ್ಲವೆ?" ಎಂದೆ. ಸಿಗುವುದಿಲ್ಲ ಎಂದರು.

ಇದು ನನಗೆ ಹೊಸದು. ಆಮೇಲೆ ಗಮನಿಸಿದೆ. ರಾಶಿಗಳು ಇರುತ್ತಿದ್ದದ್ದು ಹೆಚ್ಚಾಗಿ ಸರೋವರದ ದಂಡೆಗುಂಟ, ಉತ್ತರದ ಬಡಾವಣೆಗಳಲ್ಲಿ, ಮತ್ತೆ ನಮ್ಮ ವಿಶ್ವವಿದ್ಯಾಲಯದ ಆಸುಪಾಸಿನಲ್ಲಿ. ಓದಿದ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಯುವಕರು ಇದ್ದದ್ದು ಅಲ್ಲಿ. ಕಟ್ಟುವವರು ಬಯಸಿದ್ದು ಅಂಥ ಓದುಗರನ್ನು. ಯಾರ ಮೈಮೇಲೆ ಆ ಸುಟ್ಟ ಗಾಯಗಳಿದ್ದವೋ ಅವರ ಕೇರಿಯ ಅಂಗಡಿಗಳಿಗೆ ಪತ್ರಿಕೆ ಹೋಗುತ್ತಿರಲಿಲ್ಲ. ಪುಕ್ಕಟೆ ಎಂದರೆ ಎಲ್ಲರಿಗೂ ಎಂದು ನಾನು ತಿಳಿದಿದ್ದೆ. ಅಪ್ಪನ ಅನುಮಾನ ಅಷ್ಟರ ಮಟ್ಟಿಗೆ ನಿಜವಾಗಿತ್ತು, ಆದರೆ ಪೂರ್ತಿ ನಿಜವಲ್ಲ. ಸರಕಿನ ಪೇಪರಿನಲ್ಲಿ ಸುದ್ದಿ ಇತ್ತು. ಊರಿನ ಬೆಲೆಯುಳ್ಳ ಪೇಪರುಗಳು ಬೆನ್ನು ಹತ್ತದ ಸುದ್ದಿ.

ಮರುದಿನವೇ ಊರು ಅಲ್ಲೋಲಕಲ್ಲೋಲವಾಯಿತು ಎಂದು ನೀವು ಎಣಿಸಿದ್ದರೆ ಅದು ತಪ್ಪು. ಏನೂ ಆಗಲಿಲ್ಲ. ಕಾನ್ರಾಯ್ ಬಿಡಲಿಲ್ಲ, ಅದೇ ಪತ್ರಿಕೆಯಲ್ಲಿ ಮುಂದಿನ ಹದಿನೇಳು ವರ್ಷ ಮತ್ತೆ ಮತ್ತೆ ಅದನ್ನೇ ಬರೆದರು. ಸಂತ್ರಸ್ತರ ತಾಯಂದಿರು, ವಕೀಲರು, ಹೋರಾಟಗಾರರು ಬೀದಿಯಲ್ಲಿ ನಿಂತರು. 1993ರಲ್ಲಿ ಬರ್ಜ್‌ನನ್ನು ಕೆಲಸದಿಂದ ತೆಗೆದರು. 2003ರ ಜನವರಿಯಲ್ಲಿ ಇಲಿನಾಯ್ ರಾಜ್ಯದ ಗವರ್ನರ್ ಜಾರ್ಜ್ ರಯಾನ್, ಹಿಂಸೆಯಿಂದ ತಪ್ಪೊಪ್ಪಿಗೆ ಪಡೆದರೆಂದು ಹೇಳುತ್ತಿದ್ದ ನಾಲ್ವರು ಮರಣದಂಡನೆಯ ಕೈದಿಗಳಿಗೆ ಕ್ಷಮಾದಾನ ಕೊಟ್ಟರು. ಉಳಿದ ನೂರೈವತ್ತಕ್ಕೂ ಹೆಚ್ಚು ಮಂದಿಯ ಮರಣದಂಡನೆಯನ್ನು ಇಳಿಸಿದರು. ಪರೀಕ್ಷೆಯ ನೆಪದಲ್ಲಿ ನಾನು ಓದದೆ ಬಿಟ್ಟ ಪುಟಗಳಲ್ಲಿದ್ದದ್ದು ಈ ಮನುಷ್ಯರ ಪ್ರಾಣ. ಆಗ ನಾನು ಮೈಸೂರಿಗೆ ಹಿಂದಿರುಗಿ ಕಾಲೇಜಿನಲ್ಲಿ ಪಾಠ ಹೇಳಲು ಶುರುಮಾಡಿ ಹತ್ತು ವರ್ಷವಾಗಿತ್ತು. ಸುದ್ದಿಯನ್ನು ದಿನಪತ್ರಿಕೆಯ ಒಳಪುಟದಲ್ಲಿ ಓದಿದೆ, ಆರು ಅಂಗುಲ.

ಅಷ್ಟರಲ್ಲಿ ಅಪ್ಪನ ಒಂದು ಸಾಲಿನ ಪ್ರಶ್ನೆಗೂ ಉತ್ತರ ಸಿಗತೊಡಗಿತ್ತು. 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ರೇಗ್ ನ್ಯೂಮಾರ್ಕ್ ಎಂಬಾತ ಸ್ನೇಹಿತರಿಗೆ ಊರಿನ ಕಾರ್ಯಕ್ರಮಗಳ ಪಟ್ಟಿ ಕಳಿಸಲು ಶುರುಮಾಡಿದ. ಅದು ಬೆಳೆದು ಕ್ರೇಗ್ಸ್‌ಲಿಸ್ಟ್ ಆಯಿತು, 2000ದಲ್ಲಿ ಶಿಕಾಗೋಗೂ ಬಂತು. ಬಾಡಿಗೆ ಕೋಣೆ, ಹಳೆ ಸೋಫಾ, ಗಿಟಾರ್ ಪಾಠ ಎಲ್ಲವನ್ನೂ ಅಲ್ಲಿ ಒಂದು ಕಾಸೂ ಕೊಡದೆ ಹಾಕಬಹುದಿತ್ತು. ಓದುಗನಿಗೆ ಪುಕ್ಕಟೆ ಕೊಟ್ಟು ಗೆದ್ದವರನ್ನು ಜಾಹೀರಾತುದಾರನಿಗೂ ಪುಕ್ಕಟೆ ಕೊಟ್ಟವನು ಸೋಲಿಸಿದ. ಸಾವಿರ ಸಣ್ಣ ಮೊತ್ತಗಳು ಸದ್ದಿಲ್ಲದೆ ಎದ್ದು ಹೋದವು.

2007ರಲ್ಲಿ ಆ ಹಳೆಯ ಸ್ನೇಹಿತರು ಪತ್ರಿಕೆಯನ್ನು ಮಾರಿದರು. ಆ ವರ್ಷದ ಡಿಸೆಂಬರಿನಲ್ಲಿ ಹೊಸ ಆಡಳಿತ ನಾಲ್ವರು ಹಿರಿಯ ಬರಹಗಾರರನ್ನು ಕೆಲಸದಿಂದ ತೆಗೆಯಿತು. ಅವರಲ್ಲಿ ಒಬ್ಬರು ಜಾನ್ ಕಾನ್ರಾಯ್. ಹತ್ತು ತಿಂಗಳಿಗೆ, 2008ರ ಅಕ್ಟೋಬರಿನಲ್ಲಿ, ಜಾನ್ ಬರ್ಜ್‌ನ ಬಂಧನವಾಯಿತು. ಹಿಂಸೆ ನಡೆದು ವರ್ಷಗಳು ಕಳೆದುಹೋದ್ದರಿಂದ ಆ ಅಪರಾಧಕ್ಕೆ ಮೊಕದ್ದಮೆ ಹೂಡುವಂತಿರಲಿಲ್ಲ. ಹಿಂಸೆಯ ಬಗ್ಗೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ 2010ರಲ್ಲಿ ಅಪರಾಧಿ ಎಂದು ತೀರ್ಪಾಯಿತು, ನಾಲ್ಕೂವರೆ ವರ್ಷದ ಸಜೆ. ಬೇಟೆ ಬೀಳುವ ಹೊತ್ತಿಗೆ ಬೆನ್ನಟ್ಟಿದವನ ಕೈಯಲ್ಲಿ ಪತ್ರಿಕೆಯೇ ಇರಲಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಹೆಚ್ಚು ಸೊಗಸಿಲ್ಲದ ಕಥೆ ಅದು. ಕೊಂಡ ಕಂಪನಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು. ಪತ್ರಿಕೆ ಕೈಯಿಂದ ಕೈಗೆ ಹೋಯಿತು. 2018ರಲ್ಲಿ ಮತ್ತೆ ಮಾರಾಟವಾದಾಗ ಬೆಲೆ ಒಂದು ಡಾಲರು, ಜೊತೆಗೆ ಸಾಲ ಹೊರುವ ಕರಾರು. ಓದುಗನಿಂದ ಒಂದು ಡಾಲರೂ ಕೇಳದ ಪತ್ರಿಕೆಗೆ ಕೊನೆಗೆ ಬಂದ ಬೆಲೆ ಅದು! 2022ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಯಿತು, 2025ರಲ್ಲಿ ಸಿಯಾಟಲ್‌ನ ಪ್ರಕಾಶಕರೊಬ್ಬರ ಪಾಲಾಯಿತು. ಇದರ ದಾರಿ ಹಿಡಿದ ಇತರರ ಗತಿಯೂ ಅಷ್ಟಕ್ಕಷ್ಟೆ. ನ್ಯೂಯಾರ್ಕಿನ ಹೆಸರಾಂತ 'ವಿಲೇಜ್ ವಾಯ್ಸ್' 1996ರಲ್ಲಿ ತಾನೂ ಪುಕ್ಕಟೆಯಾಗಿ, 2017ರಲ್ಲಿ ವಾರದ ಮುದ್ರಣ ನಿಲ್ಲಿಸಿತು. ರಾತ್‌ಗೆ ಮಾದರಿಯಾದ ಬಾಸ್ಟನ್ನಿನ 'ಫೀನಿಕ್ಸ್' 2013ರಲ್ಲಿ ಮುಚ್ಚಿಹೋಯಿತು.

ಅಪ್ಪ 1999ರಲ್ಲಿ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ನನ್ನ ಏರೋಗ್ರಾಮುಗಳೆಲ್ಲ ತಾರೀಖಿನ ಪ್ರಕಾರ ದಾರ ಕಟ್ಟಿಕೊಂಡು ಇದ್ದವು. 1990ರ ಫೆಬ್ರವರಿಯದನ್ನು ಬಿಚ್ಚಿ ನೋಡಿದೆ. ಪರೀಕ್ಷೆ ಚೆನ್ನಾಗಿ ಆಯಿತು, ಚಳಿ ವಿಪರೀತ, ಅವರೇಕಾಯಿ ನೆನಪಾಗುತ್ತದೆ ಎಂದು ಬರೆದಿದ್ದೆ. ಬೂಟಿನ ಸುದ್ದಿ ಇರಲಿಲ್ಲ.

ಅಕ್ಕನ ಮಗಳು ಈಗ ಶಿಕಾಗೋದಲ್ಲೇ ಇದ್ದಾಳೆ. ಅವಳ ಮಗ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಎಂಟನೆಯ ತರಗತಿ. ಭಾನುವಾರ ಬೆಳಿಗ್ಗೆ ನನಗೆ ಕಾಫಿಯ ಹೊತ್ತು, ಅವರಿಗೆ ಶನಿವಾರ ರಾತ್ರಿಯ ಊಟದ ಹೊತ್ತು. ಫೋನಿನಲ್ಲಿ ಮುಖ ನೋಡುತ್ತ ಮಾತಾಡುತ್ತೇವೆ. ಈಚೆಗೆ ಒಂದು ಭಾನುವಾರ ಅವಳು, "ಮಾವ, ಇವನಿಗೆ ಸ್ಕೂಲಲ್ಲಿ ಏನೇನೋ ಪಾಠ ಮಾಡ್ತಿದಾರೆ, ಪೊಲೀಸರು ಹೊಡೆದಿದ್ದು, ಶಾಕ್ ಕೊಟ್ಟಿದ್ದು. ಈ ವಯಸ್ಸಿನ ಮಕ್ಕಳಿಗೆ ಇದೆಲ್ಲ ಬೇಕಾ?" ಎಂದಳು. ತಾಯಿಗೆ ಹಾಗನ್ನಿಸುವುದು ಸಹಜ. ನನಗೆ ಮಾತ್ರ ಕಾಫಿ ಲೋಟ ಕೆಳಗಿಡಬೇಕಾಯಿತು.

2015ರ ಮೇ ತಿಂಗಳಲ್ಲಿ ಶಿಕಾಗೋ ನಗರಸಭೆ ಆ ಹಿಂಸೆಗೆ ಒಳಗಾದವರಿಗೆ 55 ಲಕ್ಷ ಡಾಲರು ಪರಿಹಾರ ಮಂಜೂರು ಮಾಡಿ, ಕ್ಷಮೆ ಕೇಳಿತು. ಹಿಂಸೆಗೊಳಗಾದವರು ನೂರಕ್ಕೂ ಹೆಚ್ಚು ಮಂದಿ ಎಂಬುದು ಅಷ್ಟು ಹೊತ್ತಿಗೆ ಎಲ್ಲರೂ ಒಪ್ಪಿದ ಲೆಕ್ಕ. ಅದೇ ನಿರ್ಣಯದಲ್ಲಿ ಇನ್ನೊಂದು ಕರಾರಿತ್ತು: ನಗರದ ಸರ್ಕಾರಿ ಶಾಲೆಗಳ ಎಂಟು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ಪಾಠವಾಗಿ ಕಲಿಸಬೇಕು. 2017ರಿಂದ ಕಲಿಸುತ್ತಿದ್ದಾರೆ.

ಹುಡುಗ ಅಮ್ಮನ ಕೈಯಿಂದ ಫೋನು ಕಸಿದುಕೊಂಡ. ಅವನ ಕನ್ನಡ ಅರೆಬರೆ, ಆದರೆ ಪ್ರಶ್ನೆ ಮಾತ್ರ ನೇರ. "ತಾತ, 1990ರಲ್ಲಿ ನೀನು ಇಲ್ಲೇ ಇದ್ದೆ ಅಲ್ವಾ? ಆ ಪೇಪರ್ ಓದಿದ್ಯಾ?"

"ಮೂರು ಪುಟ ಓದಿದೆ" ಎಂದೆ.

"ಆಮೇಲೆ?"

ಮೂವತ್ತೈದು ವರ್ಷದಿಂದ ಯಾರಿಗೂ ಹೇಳದೆ ಇದ್ದದ್ದು. ಅಪ್ಪನಿಗೂ ಬರೆದಿರಲಿಲ್ಲ, ಅಕ್ಕನಿಗೂ ಗೊತ್ತಿಲ್ಲ. ಮೂರನೆಯ ಪುಟಕ್ಕೆ ನಿಲ್ಲಿಸಿದ್ದು, ಬೂಟು, ಇಸ್ತ್ರಿ ಪೆಟ್ಟಿಗೆ, ಮೈದಾನ ದಾಟಿ ಹೋದ ಮನೆಯೊಡತಿ, ಎಲ್ಲವನ್ನೂ ಹೇಳಿದೆ. ಅವನು ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. ಪೆನ್ಸಿಲು ಹುಡುಕುವ ಸದ್ದು ಕೇಳಿಸಿತು.

"ಹೋಮ್‌ವರ್ಕಿಗೆ ಮನೆಯವರ ನೆನಪು ಒಂದು ಬರೆಯಬೇಕು. ಬೂಟಿಂದೂ ಬರೀಲಾ?"

"ಬರಿ" ಎಂದೆ.